ಬಿಳಲಿನ ಮೇಲಿನ ಬೆಳಕು: ಪೆನ್ಸಿಲ್ ಚಿತ್ರದ ಹಿಂದಿನ ವಿಜ್ಞಾನ

ಮರ, ಎಲೆ, ಹಕ್ಕಿ, ಕಲ್ಲು ಮುಂತಾದ ನಿಸರ್ಗದ ವಸ್ತುಗಳನ್ನು ಬರಿಯ ಪೆನ್ಸಿಲ್ಲಿನಿಂದ ಇದ್ದದ್ದು ಇದ್ದ ಹಾಗೆ ಚಿತ್ರಿಸುವುದು ಕೈಚಳಕದ ಮಾತೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅಂಥ ಚಿತ್ರವೊಂದು ನೋಡುಗರಿಗೆ ನಿಜವೆಂದು ತೋರುವುದರ ಹಿಂದೆ ಇಂಗಾಲದ ಸ್ಫಟಿಕರಚನೆ, ಕಾಗದದ ನಾರು, ಬೆಳಕಿನ ನಡೆ ಮತ್ತು ಮನುಷ್ಯನ ಅಕ್ಷಿಪಟಲದ ಸ್ವಭಾವ ಒಟ್ಟಾಗಿ ಕೆಲಸ ಮಾಡುತ್ತವೆ. ಗೆರೆ ಎಷ್ಟು ನಯವಾಗಿದೆ ಎಂಬುದಕ್ಕಿಂತ, ಚಿತ್ರದ ಒಂದು ಭಾಗ ಪಕ್ಕದ ಭಾಗಕ್ಕಿಂತ ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬ ಅನುಪಾತವೇ ಅಲ್ಲಿ ನಿರ್ಣಾಯಕ. ಇದನ್ನು ಪರೀಕ್ಷಿಸಿ ನೋಡಲು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ದೊಡ್ಡಾಲದ ಮರಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಕೆಂಗೇರಿಯನ್ನು ದಾಟಿ ರಾಮೋಹಳ್ಳಿಯ ಹಾದಿಯಲ್ಲಿ ಹೋದರೆ ಸಿಗುವ ಕೇತೋಹಳ್ಳಿಯ ಈ ಆಲದ ಮರಕ್ಕೆ ಸುಮಾರು 400 ವರ್ಷ ವಯಸ್ಸೆಂದು ಅಂದಾಜು. ಅದರ ಹರವು ಮೂರು ಎಕರೆಯಷ್ಟು. ಮೂಲ ಕಾಂಡ ರೋಗಕ್ಕೆ ತುತ್ತಾಗಿ ಅಳಿದುಹೋಗಿರುವುದರಿಂದ ಈಗ ನೆಲಕ್ಕೆ ಇಳಿದು ಕಂಬಗಳಾದ ಬಿಳಲುಗಳೇ ಮರವನ್ನು ಹೊತ್ತು ನಿಂತಿವೆ, ಹೊಸದಾಗಿ ಬಂದವರಿಗೆ ಅದು ಒಂದು ಮರವೆನ್ನಿಸದೆ ತೋಪೆನ್ನಿಸುತ್ತದೆ. ಕೊಂಬೆಯಿಂದ ಹೊರಟ ಬಿಳಲು ಗಾಳಿಯಲ್ಲಿ ತೂಗುವಷ್ಟು ಕಾಲ ತೆಳ್ಳಗಿದ್ದು, ಮಣ್ಣನ್ನು ಮುಟ್ಟಿ ಬೇರೂರಿದ ಮೇಲೆ ವೇಗವಾಗಿ ದಪ್ಪಗಾಗುತ್ತದೆ. ಆಲದ ಕುಲಕ್ಕೇ ಸೇರಿದ ಜಾವಾ ಅತ್ತಿಯ ಬಿಳಲುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ನೆಲ ಕಂಡ ಬಿಳಲಿನೊಳಗೆ ಕುಗ್ಗಿ ಬಿಗಿಯಾಗುವ ವಿಶೇಷ ಕಟ್ಟಿಗೆ ಬೆಳೆಯುವುದನ್ನು 1968ರಲ್ಲಿ ವರದಿ ಮಾಡಿದರು. ಚಿತ್ರಕಾರನಿಗೆ ಇದು ಹೊರಗಿನ ಸಂಗತಿಯಲ್ಲ. ತೂಗುವ ಬಿಳಲಿಗೆ ಸಡಿಲವಾದ ಬಳುಕು, ಊರಿದ ಬಿಳಲಿಗೆ ಹಗ್ಗ ಎಳೆದಂಥ ನೇರ ಗೆರೆ. ಎರಡನ್ನೂ ಒಂದೇ ಬಗೆಯಲ್ಲಿ ಎಳೆದರೆ ಮರ ಮರವಾಗಿ ಕಾಣುವುದಿಲ್ಲ.

ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಗಾಲದ ಒಂದು ರೂಪ. ಅದರಲ್ಲಿ ಪರಮಾಣುಗಳು ಷಟ್ಕೋನಗಳಾಗಿ ಹೆಣೆದುಕೊಂಡು ಹಾಳೆಯಂಥ ಪದರಗಳಾಗಿರುತ್ತವೆ. ಒಂದೇ ಪದರದ ನೆರೆಯ ಪರಮಾಣುಗಳ ನಡುವಿನ ದೂರ 0.142 ನ್ಯಾನೋಮೀಟರ್ ಆದರೆ ಪದರ ಪದರಗಳ ನಡುವಿನ ಅಂತರ 0.335 ನ್ಯಾನೋಮೀಟರ್, ಅಂದರೆ ಎರಡು ಪಟ್ಟಿಗೂ ಹೆಚ್ಚು. ಪದರದೊಳಗಿನ ಬಂಧ ಬಲವಾದದ್ದು, ಪದರಗಳ ನಡುವಿನ ಸೆಳೆತ ದುರ್ಬಲವಾದದ್ದು. ಆದ್ದರಿಂದ ಕಡ್ಡಿಯನ್ನು ಕಾಗದಕ್ಕೆ ಒತ್ತಿ ಎಳೆದಾಗ ಕವಳಿಗೆಯಿಂದ ಜಾರುವ ವೀಳ್ಯದೆಲೆಗಳಂತೆ ಪದರಗಳು ಒಂದರ ಮೇಲಿಂದ ಒಂದು ಜಾರಿ ಕಾಗದದಲ್ಲಿ ಉಳಿದುಬಿಡುತ್ತವೆ. ಆದರೆ ಗ್ರಾಫೈಟ್ ಒಂದರಿಂದಲೇ ಕಡ್ಡಿಯಾಗುವುದಿಲ್ಲ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ರೂಪಿಸಿದ ವಿಧಾನದಂತೆ, ಪುಡಿಮಾಡಿದ ಗ್ರಾಫೈಟನ್ನು ಜೇಡಿಮಣ್ಣಿನೊಂದಿಗೆ ನಾದಿ ಕುಲುಮೆಯಲ್ಲಿ ಸುಡಲಾಗುತ್ತದೆ, ಇಂದಿನ ಕಾರ್ಖಾನೆಗಳಲ್ಲಿ ಸುಟ್ಟ ಕಡ್ಡಿಗೆ ಮೇಣವನ್ನೂ ಊಡಿಸಲಾಗುತ್ತದೆ. ಜೇಡಿಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿಯಾಗಿ ತಿಳಿಯಾದ ಗೆರೆ ಬರುತ್ತದೆ, ಅದಕ್ಕೆ ಎಚ್ ಎಂಬ ಗುರುತು. ಗ್ರಾಫೈಟ್ ಹೆಚ್ಚಿದಷ್ಟೂ ಕಡ್ಡಿ ಮೆತ್ತಗಾಗಿ ಗಾಢವಾದ ಗೆರೆ ಬರುತ್ತದೆ, ಅದಕ್ಕೆ ಬಿ ಎಂಬ ಗುರುತು. ಶಾಲಾ ಮಕ್ಕಳ ಎಚ್‌ಬಿ ಇವೆರಡರ ನಡುವಿನದು. ರಾಜಾಜಿನಗರದ ಯಾವುದೇ ಪುಸ್ತಕದಂಗಡಿಯಲ್ಲಿ ಸಿಗುವ 2ಎಚ್, ಎಚ್‌ಬಿ, 2ಬಿ, 6ಬಿ ಎಂಬ ನಾಲ್ಕು ಪೆನ್ಸಿಲ್ಲುಗಳಿದ್ದರೆ ದೊಡ್ಡಾಲದ ಮರಕ್ಕೆ ಸಾಕು.

ಕಾಗದದ ಪಾತ್ರವೂ ಕಡಿಮೆಯದಲ್ಲ. ಬರಿಗಣ್ಣಿಗೆ ಸಮತಟ್ಟಾಗಿ ಕಾಣುವ ಕಾಗದ ಸೂಕ್ಷ್ಮದರ್ಶಕದಡಿ ಸೆಲ್ಯುಲೋಸ್ ನಾರುಗಳ ಉಬ್ಬುತಗ್ಗುಗಳ ಪ್ರದೇಶವಾಗಿದ್ದು, ಹಗುರವಾಗಿ ಎಳೆದ ಪೆನ್ಸಿಲ್ ಉಬ್ಬುಗಳ ನೆತ್ತಿಯನ್ನಷ್ಟೇ ಸವರಿ ತಗ್ಗುಗಳನ್ನು ಬಿಳಿಯಾಗಿಯೇ ಬಿಡುತ್ತದೆ, ಈ ಕಪ್ಪು ಬಿಳುಪಿನ ಚುಕ್ಕಿಗಳು ದೂರದಿಂದ ಬೂದುಬಣ್ಣವಾಗಿ ಕೂಡಿಕೊಳ್ಳುತ್ತವೆ. ಒತ್ತಿ ತಿಕ್ಕಿದರೆ ಇನ್ನಷ್ಟು ಕಪ್ಪಾಗಬಹುದೆಂಬುದು ಆರಂಭಿಕರ ಸಹಜ ನಿರೀಕ್ಷೆ, ಆಗುವುದು ಬೇರೆಯೇ. ಒತ್ತಡಕ್ಕೆ ಗ್ರಾಫೈಟಿನ ಚಕ್ಕೆಗಳು ಕಾಗದಕ್ಕೆ ಸಮಾನಾಂತರವಾಗಿ ಮಲಗಿ ಕನ್ನಡಿಯ ಗುಣ ಪಡೆಯುವುದರಿಂದ, ಎಲ್ಲಕ್ಕಿಂತ ಕಪ್ಪಾಗಬೇಕಿದ್ದ ಜಾಗವೇ ಒಂದು ಕೋನದಿಂದ ನೋಡಿದಾಗ ಬೆಳ್ಳಗೆ ಹೊಳೆಯುತ್ತದೆ. ಬೆರಳಿನಿಂದ ಉಜ್ಜಿದರೂ ಇದೇ ತೊಂದರೆ, ಜೊತೆಗೆ ಚರ್ಮದ ಎಣ್ಣೆ ತಗುಲಿದ ಕಡೆ ರಬ್ಬರಿಗೂ ಬಗ್ಗದ ಕಲೆ ಉಳಿಯುತ್ತದೆ. ಆಲದ ತೊಗಟೆಯ ಒರಟುತನ ಬೇಕಿದ್ದರೆ ಕಾಗದದ ತಗ್ಗುಗಳನ್ನು ಉಳಿಸಿಕೊಂಡು, ಮೆತ್ತನೆಯ ಕಡ್ಡಿಯಿಂದ ಹಗುರವಾದ ಪದರಗಳನ್ನು ಒಂದರ ಮೇಲೊಂದು ಹಾಕುತ್ತ ಹೋಗುವುದೇ ಸರಿಯಾದ ದಾರಿ. ಮಳೆಗಾಲದಲ್ಲಿ ಇನ್ನೂ ಒಂದು ಎಚ್ಚರ ಬೇಕು: ಗಾಳಿಯ ತೇವವನ್ನು ಹೀರಿ ಉಬ್ಬಿದ ನಾರುಗಳು ರಬ್ಬರಿನ ಉಜ್ಜಾಟಕ್ಕೆ ಕಿತ್ತುಬರುತ್ತವೆ, ಅಲ್ಲಿ ಮತ್ತೆ ನಯವಾದ ಛಾಯೆ ಕೂರುವುದಿಲ್ಲ.

ಈಗ ಬೆಳಕಿನ ಲೆಕ್ಕ. ಒಳ್ಳೆಯ ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನೋ ಅದಕ್ಕೂ ಹೆಚ್ಚನ್ನೋ ಹಿಂತಿರುಗಿಸುತ್ತದೆ. ಪೆನ್ಸಿಲ್ಲಿನ ಅತಿ ಗಾಢ ಕಪ್ಪು ಕೂಡ ಒಂದಿಷ್ಟು ಬೆಳಕನ್ನು ಹಿಂತಿರುಗಿಸುವುದರಿಂದ ಎರಡರ ನಡುವಿನ ಅಂತರ ಕೆಲವು ಹತ್ತು ಪಟ್ಟುಗಳನ್ನು ಮೀರುವುದಿಲ್ಲ. ದೊಡ್ಡಾಲದ ಮರದಡಿಯಲ್ಲಾದರೋ ಎಲೆಗಳ ಸಂದಿನಿಂದ ಇಣುಕುವ ಆಕಾಶಕ್ಕೂ ಬಿಳಲುಗಳ ನಡುವಿನ ಕತ್ತಲೆಗೂ ಸಾವಿರ ಪಟ್ಟಿನ ಅಂತರವಿರಬಹುದು. ಇಷ್ಟು ದೊಡ್ಡ ವ್ಯಾಪ್ತಿಯನ್ನು ಅಷ್ಟು ಚಿಕ್ಕದರಲ್ಲಿ ಅಡಗಿಸುವುದು ಸಾಧ್ಯವಾಗುವುದು, ಕಣ್ಣು ಬೆಳಕಿನ ಪ್ರಮಾಣವನ್ನು ಅಳೆಯದೆ ಅನುಪಾತವನ್ನು ಗ್ರಹಿಸುವುದರಿಂದ. ಜರ್ಮನಿಯ ಗುಸ್ಟಾವ್ ಫೆಕ್ನರ್ 1860ರಲ್ಲಿ ಈ ಸಂಬಂಧಕ್ಕೆ ಗಣಿತರೂಪ ಕೊಟ್ಟರು. ಐದು ವರ್ಷಗಳ ನಂತರ ಅರ್ನ್‌ಸ್ಟ್ ಮಾಖ್ ಅಂಚುಗಳ ಬಗ್ಗೆ ಇನ್ನೊಂದು ವಿಚಿತ್ರವನ್ನು ಗುರುತಿಸಿದರು: ಬೆಳಕಿನ ಇಳಿತ ಥಟ್ಟನೆ ಬದಲಾಗುವ ಕಡೆ, ಅಲ್ಲಿ ಇಲ್ಲದಿರುವ ಒಂದು ಬೆಳ್ಳನೆಯ ಮತ್ತು ಒಂದು ಕಪ್ಪನೆಯ ಪಟ್ಟಿ ಕಣ್ಣಿಗೆ ಕಾಣುತ್ತದೆ. ಅಕ್ಷಿಪಟಲದ ಒಂದು ಕೋಶ ಚುರುಕಾದಾಗ ಅದರ ನೆರೆಯ ಕೋಶಗಳ ಸ್ಪಂದನವನ್ನು ತಗ್ಗಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ನಂತರದ ಸಂಶೋಧನೆ ತೋರಿಸಿತು. ನುರಿತ ಚಿತ್ರಕಾರರು ಬಿಳಲಿನ ಅಂಚಿಗೆ ಕಪ್ಪು ಗೆರೆ ಎಳೆಯದೆ, ಅಂಚಿನ ಹೊರಗಿನ ಹಿನ್ನೆಲೆಯನ್ನು ತುಸು ಗಾಢಗೊಳಿಸಿ ಬಿಳಲಿನ ಬೆಳಕನ್ನು ಎತ್ತಿತೋರಿಸುವುದು ಕಣ್ಣಿನ ಈ ಸ್ವಭಾವವನ್ನು ನಂಬಿಯೇ.

ಒಂದು ಬಿಳಲನ್ನು ಹತ್ತಿರದಿಂದ ನೋಡಬೇಕು. ಎಡದಿಂದ ಬಿಸಿಲು ಬಿದ್ದ, ತೋಳಿನಷ್ಟು ದಪ್ಪದ ಊರಿದ ಬಿಳಲಿನಲ್ಲಿ ಅತಿ ಬೆಳ್ಳಗಿನ ಭಾಗ ಎಡದಂಚಿನಲ್ಲಿರದೆ ಸ್ವಲ್ಪ ಒಳಗಿರುತ್ತದೆ. ಅಲ್ಲಿಂದ ಬಲಕ್ಕೆ ಛಾಯೆ ಮೆಲ್ಲಗೆ ಗಾಢವಾಗುತ್ತ ಬಂದು, ಬಲದಂಚನ್ನು ಮುಟ್ಟುವ ಮೊದಲೇ ಅತಿ ಕಪ್ಪಾಗಿ, ಅಂಚಿನಲ್ಲಿ ಮತ್ತೆ ಸ್ವಲ್ಪ ತಿಳಿಯಾಗುತ್ತದೆ. ಈ ತಿಳಿಯಾದ ಅಂಚು ನೆಲದಿಂದಲೂ ಪಕ್ಕದ ಬಿಳಲುಗಳಿಂದಲೂ ಚೆದರಿ ಬಂದ ಬೆಳಕಿನ ಫಲ, ಅದನ್ನು ಕಡೆಗಣಿಸಿ ಅಂಚನ್ನೇ ಅತಿ ಕಪ್ಪಾಗಿಸಿದ ಚಿತ್ರದಲ್ಲಿ ಬಿಳಲು ಕತ್ತರಿಸಿ ಅಂಟಿಸಿದ ರಟ್ಟಿನ ಪಟ್ಟಿಯಾಗಿಬಿಡುತ್ತದೆ. ತೊಗಟೆಯ ಮೇಲೆ ಸಾಲುಸಾಲಾಗಿರುವ ಚಿಕ್ಕ ಗುಬುಟುಗಳು ಲೆಂಟಿಸೆಲ್‌ಗಳು, ಅಂದರೆ ಒಳಗಿನ ಜೀವಕೋಶಗಳಿಗೆ ಗಾಳಿಯಾಡುವ ಕಿಂಡಿಗಳು. ಒಂದೊಂದಕ್ಕೂ ತನ್ನದೇ ಬೆಳಕು, ತನ್ನದೇ ನೆರಳು ಇದ್ದರೂ ಅವೆಲ್ಲವೂ ಬಿಳಲಿನ ದೊಡ್ಡ ಛಾಯೆಯ ಅಧೀನದಲ್ಲಿರಬೇಕು: ನೆರಳಿನ ಭಾಗದ ಗುಬುಟಿನ ಬಿಳುಪು ಬಿಸಿಲಿನ ಭಾಗದ ಗುಬುಟಿನ ಕಪ್ಪಿಗಿಂತ ಗಾಢವಾಗಿಯೇ ಉಳಿಯಬೇಕಾಗುತ್ತದೆ. ವಿವರಗಳೆಲ್ಲ ಇದ್ದೂ ಸಪ್ಪೆಯಾಗಿರುವ ಚಿತ್ರಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ.

ಆಲದ ಹಣ್ಣು ಬೇರೊಂದು ಸವಾಲನ್ನು ಒಡ್ಡುತ್ತದೆ. ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಜೋಡಿಯಾಗಿ ಕೂರುವ ಕೆಂಪು ಹಣ್ಣು ಹಸಿರು ಎಲೆಗಳ ನಡುವೆ ದೂರಕ್ಕೂ ಎದ್ದು ಕಾಣುತ್ತದೆ, ಆದರೆ ಪೆನ್ಸಿಲ್ಲಿಗೆ ಬಣ್ಣವಿಲ್ಲ. ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿ ಸ್ಪಂದಿಸುವುದು 555 ನ್ಯಾನೋಮೀಟರ್ ತರಂಗಾಂತರದ ಹಳದಿಹಸಿರು ಬೆಳಕಿಗೆ. ಕೆಂಪಿನ ಕಡೆಗೆ ಸರಿದಂತೆ ಸ್ಪಂದನ ಇಳಿಯುತ್ತದೆ. ಹೀಗಾಗಿ ಬಣ್ಣವನ್ನು ತೆಗೆದುಬಿಟ್ಟರೆ ಮಾಗಿದ ಹಣ್ಣೂ ಎಲೆಯೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಬರಬಹುದು, ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಕಪ್ಪುಬಿಳುಪಾಗಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ. ಆಗ ಹಣ್ಣನ್ನು ಬೇರ್ಪಡಿಸಬೇಕಾದದ್ದು ದುಂಡಗಿನ ಆಕಾರದ ಛಾಯೆ, ಅದರ ಮೇಲಿನ ಹೊಳಪು ಮತ್ತು ಅದು ಎಲೆಯ ಮೇಲೆ ಚೆಲ್ಲುವ ನೆರಳು. ಎಲೆಯ ನರಗಳಿಗಾದರೆ ಒಂದು ಹಳೆಯ ಉಪಾಯವಿದೆ: ಮೊಂಡು ಸೂಜಿಯಿಂದ ಕಾಗದದಲ್ಲಿ ಮೊದಲೇ ಗೀರಿ ತಗ್ಗು ಮಾಡಿಟ್ಟರೆ, ಮೇಲೆ ಹಾಯುವ ಪೆನ್ಸಿಲ್ ಆ ತಗ್ಗಿಗೆ ಇಳಿಯದೆ ನರ ತಾನಾಗಿ ಬೆಳ್ಳಗೆ ಉಳಿಯುತ್ತದೆ.

ನೆರಳಿನ ಅಂಚಿಗೂ ಅಳತೆಯಿದೆ. ಭೂಮಿಯಿಂದ ನೋಡಿದಾಗ ಸೂರ್ಯ ಬಿಂದುವಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳು ಬೀಳುವ ಜಾಗಕ್ಕೂ ವಸ್ತುವಿಗೂ ಒಂದು ಮೀಟರ್ ಅಂತರವಿದ್ದರೆ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಅಗಲಕ್ಕೆ ಮಸುಕಾಗುತ್ತದೆ, ಹತ್ತು ಮೀಟರ್ ಇದ್ದರೆ 9 ಸೆಂಟಿಮೀಟರಿನಷ್ಟು. ಈ ಮಸುಕಿಗೆ ಅರೆನೆರಳು ಎಂದು ಹೆಸರು. ಬುಡದಲ್ಲಿ ಬಿಳಲಿನ ನೆರಳಿನ ಅಂಚು ಚೂಪಾಗಿಯೂ, ಮೇಲಿನ ಕೊಂಬೆಯ ನೆರಳು ಮೆತ್ತಗೂ ಇರಬೇಕು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳೂ ಸಂದಿಯ ಆಕಾರವನ್ನು ತಳೆಯದೆ ದುಂಡಗೋ ಅಂಡಾಕಾರವಾಗಿಯೋ ಇರುತ್ತವೆ, ಏಕೆಂದರೆ ಅವು ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಬೆಂಗಳೂರಿನಲ್ಲಿ ಪಾರ್ಶ್ವವಾಗಿದ್ದುದರಿಂದ, ಅಂದು ಬೆಳಗ್ಗೆ ಹೊಂಗೆಯ ಮರಗಳಡಿಯ ಚುಕ್ಕಿಗಳು ಕುಡುಗೋಲಿನ ಆಕಾರಕ್ಕೆ ತಿರುಗುವಂತಾಯಿತು.

ಕರ್ನಾಟಕದಲ್ಲಿ ಸಸ್ಯಚಿತ್ರಣದ ಪರಂಪರೆ ಹಳೆಯದು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಮರಾಠ ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡದಂತೆ ಬರೆಸಿದ ಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಆ ಚಿತ್ರಕಾರನ ಹೆಸರು ಉಳಿಯದಿರುವುದು ನೋವಿನ ಸಂಗತಿ. ಲಾಲ್‌ಬಾಗಿಗಾಗಿ ದುಡಿದ ಚಿತ್ರಕಾರ ಚೆಲುವಯ್ಯ ರಾಜು ಅವರ ಹೆಸರಾದರೂ ಉಳಿದಿದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ತಮ್ಮ ‘ಹಸುರು ಹೊನ್ನು’ ಕೃತಿಗೆ ಚಿತ್ರಗಳನ್ನು ತಾವೇ ಬರೆದರು, ಅವು ಶಾಯಿಯ ಗೆರೆಗಳಲ್ಲಿವೆ. ಹಳೆಯ ಅಚ್ಚಿನ ಗೆರೆಪಡಿಯಚ್ಚುಗಳಿಗೆ ಕಪ್ಪು ಮತ್ತು ಬಿಳುಪು ಮಾತ್ರ ಗೊತ್ತಿದ್ದು ನಡುವಿನ ಬೂದು ಮೂಡುತ್ತಿರಲಿಲ್ಲವಾದ್ದರಿಂದ, ವಿಜ್ಞಾನದ ಚಿತ್ರಗಳು ಗೆರೆಗೂ ಚುಕ್ಕಿಗೂ ಒಗ್ಗಿಕೊಂಡವು. ಪದವಿಪೂರ್ವ ಕಾಲೇಜುಗಳ ರೆಕಾರ್ಡ್ ಪುಸ್ತಕಗಳಲ್ಲಿ ಕಾಂಡದ ಅಡ್ಡಸೀಳಿಕೆಯನ್ನು ಛಾಯೆಯಿಲ್ಲದ ಒಂಟಿಗೆರೆಯಲ್ಲೇ ಬರೆಯಬೇಕೆಂಬ ಕಟ್ಟುಪಾಡು ಆ ರೂಢಿಗೆ ಒಪ್ಪುವಂಥದ್ದು. ರಚನೆಯನ್ನು ಕಲಿಸಲು ಅದು ಸಾಕು. ಬೆಳಕನ್ನು ನೋಡಲು ಅದು ಕಲಿಸುವುದಿಲ್ಲ, ವಿದ್ಯಾರ್ಥಿಗಳಿಗೆ ಎರಡೂ ಬೇಕು.

ದೊಡ್ಡಾಲದ ಮರಕ್ಕೆ ಹೋಗುವವರು ಕಾಲವನ್ನೂ ಗಮನಿಸಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಆಗ ನಿಂತ ಬಿಳಲುಗಳ ದುಂಡುತನವನ್ನು ತೋರಿಸುವ ಪಕ್ಕದ ಬೆಳಕೇ ಇರುವುದಿಲ್ಲ. ಡಿಸೆಂಬರಿನಲ್ಲಿ ನಡುಹಗಲಿಗೂ ಸೂರ್ಯ ಸುಮಾರು 54 ಡಿಗ್ರಿ ಎತ್ತರವನ್ನಷ್ಟೇ ಏರುತ್ತಾನೆ. ಬೆಳಗಿನ ಹೊತ್ತಿನಲ್ಲಂತೂ ಓರೆಯಾದ ಬಿಸಿಲು ಕೊಂಬೆಗಳ ಅಡಿಯಿಂದ ತೂರಿ ಬರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಲೇ ಇರುವುದರಿಂದ ಕಾಲು ಗಂಟೆಯಲ್ಲೇ ನೆರಳುಗಳು ಜಾಗ ಬದಲಿಸಿರುತ್ತವೆ. ಹಾಗಾಗಿ ಕುಳಿತ ಕೂಡಲೇ 2ಎಚ್ ಕಡ್ಡಿಯಿಂದ ನೆರಳುಗಳ ಎಲ್ಲೆಯನ್ನು ತಿಳಿಯಾಗಿ ಗುರುತು ಮಾಡಿಕೊಂಡು, ತೊಗಟೆ, ಎಲೆ, ಹಣ್ಣುಗಳನ್ನು ಆಮೇಲೆ ಬಿಡುವಾಗಿ ಬರೆಯುವುದು ವಾಡಿಕೆ.