ಉರಿಮೂತ್ರದ ಮದ್ದು: ಯಾವ ಮಾತ್ರೆ, ಎಷ್ಟು ದಿನ?



ಕಳೆದ ತಿಂಗಳ ಸಭೆ ಮುಗಿದ ಮೇಲೆ ನಮ್ಮ ಹಿರಿಯ ಸದಸ್ಯೆಯೊಬ್ಬರು ತಮ್ಮ ಅನುಭವ ಹೇಳಿದರು. ಉರಿಮೂತ್ರ ಶುರುವಾದಾಗ ನೆರೆಮನೆಯಲ್ಲಿ ಉಳಿದಿದ್ದ ನಾಲ್ಕು ಮಾತ್ರೆ ತಂದು ನುಂಗಿದರಂತೆ. ಎರಡು ದಿನದಲ್ಲಿ ಉರಿ ಇಳಿಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಚಳಿಜ್ವರ, ಪಕ್ಕೆನೋವು ಬಂದು ಆಸ್ಪತ್ರೆ ಸೇರಬೇಕಾಯಿತು. "ಡಾಕ್ಟರ ಹತ್ತಿರ ಹೇಳಲು ನಾಚಿಕೆಯಾಯಿತು" ಎಂದರು. ಅಲ್ಲಿದ್ದ ಇನ್ನೂ ಕೆಲವರು ತಲೆಯಾಡಿಸಿದರು. ಹಾಗಾಗಿ ಈ ಬರಹ. ನಾವು ವೈದ್ಯರಲ್ಲ; ಇದು ಡಾಕ್ಟರ ಚೀಟಿಗೆ ಬದಲಿಯೂ ಅಲ್ಲ. ಚೀಟಿಯಲ್ಲಿ ಬರೆದದ್ದು ಯಾಕೆ ಹಾಗಿದೆ ಎಂದು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಮೂತ್ರಕೋಶದಲ್ಲಷ್ಟೇ ಇದ್ದರೆ ಉರಿ, ಪದೇಪದೇ ಹೋಗಬೇಕೆನ್ನುವ ಅವಸರ, ಕೆಳಹೊಟ್ಟೆ ನೋವು. ಮೂತ್ರಪಿಂಡಕ್ಕೆ ಏರಿದರೆ ಜ್ವರ, ನಡುಕ, ಪಕ್ಕೆನೋವು, ವಾಂತಿ. ಮೊದಲನೆಯದಕ್ಕೆ ಸಾಕಾಗುವ ಮದ್ದು ಎರಡನೆಯದಕ್ಕೆ ಸಾಲದು. ಜ್ವರ, ನಡುಕ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿಯಲ್ಲದ, ಬೇರೆ ಕಾಯಿಲೆಯಿಲ್ಲದ ಮಹಿಳೆಯರ ಮೂತ್ರಕೋಶದ ಸೋಂಕಿಗೆ ಸಾಮಾನ್ಯವಾಗಿ ಬರೆಯುವ ಮದ್ದುಗಳು ಇವು:

1. ನೈಟ್ರೋಫ್ಯುರಾಂಟಾಯಿನ್: ನಿಧಾನವಾಗಿ ಕರಗುವ 100 ಮಿ.ಗ್ರಾಂ ಮಾತ್ರೆ, ದಿನಕ್ಕೆ 2 ಸಲ, 5 ದಿನ. ಊಟದೊಂದಿಗೆ ತೆಗೆದುಕೊಳ್ಳಬೇಕು. ಮೂತ್ರ ಕಂದುಹಳದಿಯಾದರೆ ಗಾಬರಿ ಬೇಡ. ಇದು ಮೂತ್ರಪಿಂಡದ ಸೋಂಕಿಗೆ ಆಗದು. ಮೂತ್ರಪಿಂಡ ತೀರಾ ದುರ್ಬಲವಾದವರಿಗೂ ಕೊಡುವುದಿಲ್ಲ.

2. ಫಾಸ್ಫೊಮೈಸಿನ್: 3 ಗ್ರಾಂ ಪುಡಿಯ ಪೊಟ್ಟಣ. ನೀರಿನಲ್ಲಿ ಕದಡಿ ಒಂದೇ ಸಲ ಕುಡಿಯುವುದು.

3. ಕೋ-ಟ್ರೈಮೋಕ್ಸಜೋಲ್: 160/800 ಮಿ.ಗ್ರಾಂ, ದಿನಕ್ಕೆ 2 ಸಲ, 3 ದಿನ. ಬ್ಯಾಕ್ಟೀರಿಯಾ ಇದಕ್ಕೆ ಮಣಿಯುತ್ತದೆ ಎಂದು ಗೊತ್ತಿದ್ದರೆ ಮಾತ್ರ. ಸಲ್ಫಾ ಅಲರ್ಜಿ ಇರುವವರಿಗೆ ಬೇಡ. ಬಿ.ಪಿ.ಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ ಇದು ರಕ್ತದ ಪೊಟ್ಯಾಸಿಯಂ ಏರಿಸಬಹುದು.

ಹಿಂದೆ ಎಲ್ಲದಕ್ಕೂ ಬರೆಯುತ್ತಿದ್ದ ಸಿಪ್ರೊಫ್ಲೊಕ್ಸಾಸಿನ್‌ಗೆ ನಮ್ಮ ದೇಶದ ಇ. ಕೋಲಿ ಈಗ ಹೆಚ್ಚಾಗಿ ಬಗ್ಗುವುದಿಲ್ಲ. ಸ್ನಾಯುರಜ್ಜು ಹರಿಯುವುದು, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಲ್ಲಿ ಸಕ್ಕರೆ ಏಕಾಏಕಿ ಇಳಿಯುವುದು ಅದರ ಅಪಾಯಗಳು.

"ಅವರಿಗೆ 3 ದಿನ, ನನಗೆ ಯಾಕೆ 7 ದಿನ?" ಎಂದು ಕೇಳುವವರಿದ್ದಾರೆ. ಒಂದೊಂದು ಮದ್ದಿಗೂ ಅದರದೇ ಲೆಕ್ಕ. ಗಂಡಸರಿಗೆ ಸಾಮಾನ್ಯವಾಗಿ 7 ದಿನ. ಮೂತ್ರಪಿಂಡದ ಸೋಂಕಿಗೆ ಮದ್ದು ನೋಡಿಕೊಂಡು 7ರಿಂದ 14 ದಿನ. ಉರಿ ನಿಂತಿತೆಂದು ನಾವಾಗಿ ನಿಲ್ಲಿಸಬಾರದು, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಲೂ ಬಾರದು.

ಗರ್ಭಿಣಿಯರು, ಗಂಡಸರು, ಜ್ವರ ಇರುವವರು, ಮತ್ತೆಮತ್ತೆ ಸೋಂಕಾಗುವವರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಮೊದಲ ಮಾತ್ರೆ ನುಂಗುವ ಮೊದಲೇ ಮೂತ್ರ ಕೊಡಬೇಕು; ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಯಾವ ತೊಂದರೆಯೂ ಇಲ್ಲದ ವಯಸ್ಸಾದವರ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಬೇಕಿಲ್ಲ. ಗರ್ಭಿಣಿಯರಿಗೆ ಮಾತ್ರ ಆಗಲೂ ಮದ್ದು ಬೇಕು.

ಬಾರ್ಲಿ ನೀರು, ಬೊಂಡ ಕುಡಿದರೆ ಹಾಯೆನಿಸಬಹುದು, ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಇನ್ನೊಂದು ಮಾತು. ಕೇರಳದ ಔಷಧ ನಿಯಂತ್ರಣ ಇಲಾಖೆ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಆರಂಭಿಸಿ, ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮಾರುವುದರ ಮೇಲೆ ಕಣ್ಣಿಟ್ಟಿದೆ. ಕಾಸರಗೋಡಿನ ಮದ್ದಿನಂಗಡಿಯವರು ಕೊಡಲಿಲ್ಲವೆಂದು ಅವರ ಮೇಲೆ ಸಿಟ್ಟಾಗಬೇಡಿ. ಕವರಿನ ಮೇಲೆ ಮಲಯಾಳದಲ್ಲಿ ಬರೆದದ್ದು ಓದಲಾಗದಿದ್ದರೆ 1-0-1 ಎಂದು ಅಂಕಿಯಲ್ಲೂ, ಎಷ್ಟು ದಿನ ಎಂದೂ ಬರೆಸಿಕೊಳ್ಳಿ. ಡಾಕ್ಟರಿಗೆ ನಿಮ್ಮ ಅಲರ್ಜಿ, ಕ್ರಿಯಾಟಿನಿನ್ ವರದಿ, ದಿನವೂ ತಿನ್ನುವ ಎಲ್ಲ ಮಾತ್ರೆಗಳನ್ನು ತೋರಿಸಿ.

ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಕವರು ತಂದರೆ ಅದರಲ್ಲಿ ಬರೆದದ್ದನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ. ಕಾಯಿಲೆ ಏನೆಂದು ಕೇಳುವುದಿಲ್ಲ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

– ಕಾರ್ಯದರ್ಶಿ