ಹೆಸರು ಬದಲಾಯಿಸಿದ್ರೆ ಫೈಲ್ ಬದಲಾಗತ್ತಾ?

ನೋಟ್‌ಪ್ಯಾಡ್‌ನಲ್ಲಿ ಕೋಡ್ ಬರೆದು 'ಇಂಡೆಕ್ಸ್ ಡಾಟ್ ಹೆಚ್‌ಟಿಎಂಎಲ್' ಅಂತ ಸೇವ್ ಮಾಡ್ತೀವಿ. ಡಬಲ್ ಕ್ಲಿಕ್ ಮಾಡಿದ್ರೆ ಬ್ರೌಸರ್ ಬದಲು ಮತ್ತೆ ನೋಟ್‌ಪ್ಯಾಡೇ ತೆರೆಯುತ್ತೆ! ಆ ಫೈಲ್‌ನ ಪೂರ್ತಿ ಹೆಸರಿನ ಕೊನೆಯಲ್ಲಿ 'ಡಾಟ್ ಟಿಎಕ್ಸ್‌ಟಿ' ಸೇರಿಕೊಂಡಿರತ್ತೆ, ವಿಂಡೋಸ್ ಅದನ್ನ ನಮಗೆ ತೋರಿಸಲ್ಲ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿದ್ರೆ ಗುಟ್ಟು ರಟ್ಟು. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿದರೆ ಈ ತಾಪತ್ರಯವೇ ಇಲ್ಲ.

ಎಕ್ಸ್‌ಟೆನ್ಷನ್ ಅನ್ನೋದು ಡಬ್ಬದ ಮೇಲಿನ ಚೀಟಿ ಇದ್ದಂತೆ. ಸಕ್ಕರೆ ಡಬ್ಬಕ್ಕೆ ಉಪ್ಪು ಅಂತ ಅಂಟಿಸಿದ್ರೆ ಸಕ್ಕರೆ ಉಪ್ಪಾಗಲ್ಲ. ಯಾವ ಸಾಫ್ಟ್‌ವೇರ್‌ನಲ್ಲಿ ತೆರೆಯಬೇಕು ಅಂತ ವಿಂಡೋಸ್ ಆ ಚೀಟಿ ನೋಡಿ ತೀರ್ಮಾನಿಸುತ್ತೆ, ಒಳಗಿನ ಬೈಟ್‌ಗಳು ಹಾಗೇ ಇರುತ್ತವೆ. ಒಂದು ವರ್ಡ್ ಡಾಕ್ಸ್ ಫೈಲ್‌ನ ಕಾಪಿ ತೆಗೆದು ಅದಕ್ಕೆ 'ಜಿಪ್' ಅಂತ ಹೆಸರಿಟ್ಟು ತೆರೆದು ನೋಡಿ. ಒಳಗೆ ಎಕ್ಸ್‌ಎಂಎಲ್ ಫೈಲ್‌ಗಳ ಸಂಸಾರವೇ ಇದೆ!

ಟೆಕ್ಸ್ಟ್ ಫೈಲನ್ನ ವೆಬ್ ಪುಟ ಮಾಡೋಕೆ ಮಾತ್ರ ಹೆಸರು ಬದಲಾಯಿಸಿದ್ರೂ ಅರ್ಧ ಕೆಲಸ ಆಗತ್ತೆ, ಯಾಕಂದ್ರೆ ಎರಡೂ ಸಾದಾ ಅಕ್ಷರಗಳೇ. ಆದ್ರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ಯಾರಾಗಳಿಗೆ ಪಿ ಟ್ಯಾಗ್, ಕೋಡ್‌ಗೆ ಪ್ರೀ ಟ್ಯಾಗ್ ಹಾಕಬೇಕು. ಸಿ ಪ್ರೋಗ್ರಾಂ ಇದ್ರೆ ಇನ್ನೊಂದು ತಮಾಷೆ: ಇನ್‌ಕ್ಲೂಡ್ ಮುಂದಿನ 'ಎಸ್‌ಟಿಡಿಐಓ ಡಾಟ್ ಹೆಚ್' ಮಾಯ! ಕೋನ ಬ್ರ್ಯಾಕೆಟ್ ಒಳಗಿರೋದನ್ನ ಬ್ರೌಸರ್ ಟ್ಯಾಗ್ ಅಂದುಕೊಳ್ಳುತ್ತೆ. ಪ್ರೀ ಹಾಕಿದ್ರೂ ಅದು ಉಳಿಯಲ್ಲ. ತೆರೆಯುವ ಬ್ರ್ಯಾಕೆಟ್ ಬದಲು ಆಂಪರ್‌ಸ್ಯಾಂಡ್, ಎಲ್, ಟಿ, ಸೆಮಿಕೋಲನ್ ಒತ್ತಾಗಿ ಬರೆಯಬೇಕು.

ಕನ್ನಡಕ್ಕೆ ಇನ್ನೂ ಸ್ವಲ್ಪ ಕೆಲಸ ಇದೆ. 'ಕನ್ನಡ' ಅನ್ನೋ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತಗಳು (ಕ, ನ, ವಿರಾಮ ಚಿಹ್ನೆ, ನ, ಡ), ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಹೆಡ್ ಭಾಗದ ಮೆಟಾ ಟ್ಯಾಗ್‌ನಲ್ಲಿ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಹೇಳದಿದ್ರೆ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದಿ, ತಲೆ ಮೇಲೆ ಗೀಟು ಇರೋ ವಿಚಿತ್ರ 'ಎ'ಗಳನ್ನ ಸಾಲಾಗಿ ನಿಲ್ಲಿಸಬಹುದು.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಲೇಖನಗಳಿಗೆ ಇದೂ ಸಾಲದು. ಅಲ್ಲಿ ಉಳಿದಿರೋದು ಕನ್ನಡ ಸಂಕೇತಗಳಲ್ಲ, ಲ್ಯಾಟಿನ್ ಅಕ್ಷರಗಳದ್ದು. ಕನ್ನಡದ ಆಕಾರ ಕೊಡೋದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಓದೋಕಾಗಲ್ಲ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದ್ರೆ ಸಿಗೋದೂ ಇಲ್ಲ. ನಮ್ಮ ಸೀನಿಯರ್‌ಗಳು ಬರೆದದ್ದು ಪೆನ್‌ಡ್ರೈವ್‌ನಲ್ಲೇ ಉಳಿದುಹೋಗೋದು ಹೀಗೆ. ಇವಕ್ಕೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಕನ್ವರ್ಟರೇ ಬೇಕು. ಬದಲಿಸಿದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಕಣ್ಣಾರೆ ನೋಡಿ: ಹಳೆ ಫಾಂಟ್‌ನಲ್ಲಿ ಅದು ಅಕ್ಷರದ ನಂತರ ಬರತ್ತೆ, ಯೂನಿಕೋಡ್‌ನಲ್ಲಿ 'ರ' ಮೊದಲು. ಮೂಲ ಫೈಲನ್ನ ಮಾತ್ರ ಅಳಿಸಬೇಡಿ. ಹಳೆಯ ಸಂಚಿಕೆಗಳು ನಿಮ್ಮ ಹತ್ರ ಇದ್ರೆ, ಬಳಸಿದ ಫಾಂಟ್‌ನ ಹೆಸರಿನ ಜೊತೆ ನಮಗೆ ಕಳಿಸಿ.