ಮುಳುಗುತ್ತೋ, ತೇಲುತ್ತೋ?

ಮೊನ್ನೆ ನನ್ನ ಮೂರು ವರ್ಷದ ಮೊಮ್ಮಗಳು ಬಚ್ಚಲಿನ ಬಕೆಟ್ಟಿಗೆ ಚಮಚ, ಬಾಚಣಿಗೆ, ಕೊನೆಗೆ ನನ್ನ ಕನ್ನಡಕವನ್ನೂ ಹಾಕಿದಳು. ಗದರಲು ಬಾಯಿ ತೆರೆದವನು ಸುಮ್ಮನಾದೆ. ಇಪ್ಪತ್ತೈದು ವರ್ಷಗಳ ಹಿಂದೆ ಅವಳಪ್ಪ ಹೀಗೆಯೇ ನನ್ನ ಕೈಗಡಿಯಾರವನ್ನು ನೀರಿಗೆ ಹಾಕಿದಾಗ ಬೆನ್ನಿಗೊಂದು ಕೊಟ್ಟಿದ್ದೆ. ಅಂದೇ ಮಧ್ಯಾಹ್ನ ತರಗತಿಯಲ್ಲಿ ಆರ್ಕಿಮಿಡೀಸನ ತತ್ತ್ವ ಬೋಧಿಸಿದ್ದೆ! ಹುಡುಗ ಮತ್ತೆ ಏನನ್ನೂ ನೀರಿಗೆ ಹಾಕಲಿಲ್ಲ. ನನ್ನನ್ನು ಏನನ್ನೂ ಕೇಳಲೂ ಇಲ್ಲ.

ಪುಟ್ಟ ಮಕ್ಕಳ ಪ್ರಯೋಗಕ್ಕೆ ದುಬಾರಿ ಸಲಕರಣೆ ಬೇಡ, ಅಡುಗೆಮನೆ ಸಾಕು. ಆದರೆ ಒಂದು ನಿಯಮವಿದೆ. ಉತ್ತರವನ್ನು ಮೊದಲೇ ಹೇಳಬೇಡಿ. ‘ಏನಾಗುತ್ತೆ ಹೇಳು?’ ಎಂದು ಕೇಳಿ. ಮಗು ತನ್ನ ಊಹೆ ಹೇಳಿದ ಮೇಲೆ ಇಬ್ಬರೂ ಮಾಡಿ ನೋಡಿ.

ಕಿತ್ತಳೆಯ ಅಂಗಿ: ಪಾತ್ರೆಯ ತುಂಬ ನೀರಿಟ್ಟು ಸಿಪ್ಪೆಯಿರುವ ಕಿತ್ತಳೆಯನ್ನು ಬಿಡಿ. ತೇಲುತ್ತದೆ. ಸಿಪ್ಪೆ ಸುಲಿದು ಬಿಡಿ. ತೂಕ ಕಡಿಮೆಯಾದರೂ ಹಣ್ಣು ಸಾಮಾನ್ಯವಾಗಿ ಮುಳುಗುತ್ತದೆ! ಸಿಪ್ಪೆಯಲ್ಲಿ ಅಡಗಿದ ಗಾಳಿಯೇ ಅದನ್ನು ತೇಲಿಸುತ್ತಿತ್ತು. ನಮ್ಮ ಮನೆಯಲ್ಲಿ ಮೊದಲ ಹಣ್ಣು ಮುಳುಗಲೇ ಇಲ್ಲ. ನಡುವಿನ ಟೊಳ್ಳಿನಲ್ಲಿ ಗಾಳಿ ಉಳಿದಿತ್ತು. ತೊಳೆ ಬಿಡಿಸಿ ಹಾಕಿದಾಗ ಹೆಚ್ಚಿನವು ತಳ ಸೇರಿದವು. ಪ್ರಯೋಗ ಕೈಕೊಟ್ಟರೆ ಮುಜುಗರ ಬೇಡ. ಹೊಸ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಬಣ್ಣ ಬದಲಿಸುವ ಅರಿಶಿನ: ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಸಾಬೂನಿನ ನೀರಿನಲ್ಲಿ ಬೆರಳದ್ದಿ ಮಗು ಗೀಚಲಿ. ಗೆರೆಗಳು ಕೆಂಪಾಗುತ್ತವೆ. ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ, ಆಮ್ಲದಲ್ಲಿ ಹಳದಿಗೆ ಮರಳುತ್ತದೆ. ಆರತಿಯ ಓಕುಳಿ ಕೆಂಪಾಗುವ ಗುಟ್ಟೂ ಇದೇ. ಅಲ್ಲಿ ಬೆರೆಸುವುದು ಸುಣ್ಣ. ಮಕ್ಕಳ ಕೈಗೆ ಮಾತ್ರ ಸುಣ್ಣ ಕೊಡಬೇಡಿ, ಅದು ಕಣ್ಣಿಗೆ ಅಪಾಯ.

ಯಾವುದರಲ್ಲಿ ಹೆಚ್ಚು?: ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಮಗುವಿನ ಎದುರಿಗೇ ಒಂದರ ನೀರನ್ನು ಅಗಲ ಬಟ್ಟಲಿಗೆ ಸುರಿಯಿರಿ. ಈಗ ಯಾವುದರಲ್ಲಿ ಹೆಚ್ಚಿದೆ? ನಾಲ್ಕೈದು ವರ್ಷದ ಮಕ್ಕಳೂ ಸಾಮಾನ್ಯವಾಗಿ ಎತ್ತರದ ಲೋಟವನ್ನೇ ತೋರಿಸುತ್ತಾರೆ. ಇದು ದಡ್ಡತನವಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಇದನ್ನೇ ಅಧ್ಯಯನ ಮಾಡಿ, ಸುಮಾರು ಏಳನೇ ವಯಸ್ಸಿನ ಹೊತ್ತಿಗೆ ಈ ತಿಳಿವಳಿಕೆ ಮೂಡುತ್ತದೆಂದು ಹೇಳಿದರು. ಬಿ.ಇಡಿ. ಪರೀಕ್ಷೆಗೆಂದು ಉರು ಹೊಡೆದಿದ್ದ ಪಿಯಾಜೆ ನನಗೆ ಅರ್ಥವಾದದ್ದು ಮೊಮ್ಮಗಳ ಮುಂದೆ ಕುಳಿತಾಗ!

ಎಚ್ಚರಿಕೆಯ ಮಾತೊಂದು. ಕೆಲವೇ ಅಂಗುಲ ನೀರಿದ್ದರೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಆಟ ಮುಗಿದ ಕೂಡಲೇ ಬಕೆಟ್ ಖಾಲಿ ಮಾಡಿ. ಗುಂಡಿ, ನಾಣ್ಯ, ಬೀಜದಂಥವು ಬಾಯಿ ಸೇರದಂತೆ ನೋಡಿಕೊಳ್ಳಿ. ಮನೆಯಲ್ಲಿ ಅಣ್ಣ, ಅಕ್ಕ ಇದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಪುಸ್ತಕದಲ್ಲಿ ಓದಿದ್ದು ಅವರಿಗೂ ಕಣ್ಣಿಗೆ ಕಂಡೀತು.

ಅಂದ ಹಾಗೆ, ಕನ್ನಡಕ ಮುಳುಗಿತು. ‘ಯಾಕೆ ತಾತ?’ ಎಂದಳು. ‘ನೀನೇ ಹೇಳು’ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅದಕ್ಕೆ ನಿದ್ದೆ ಬಂತು’ ಎಂದಳು. ಇರಲಿ, ಆರ್ಕಿಮಿಡೀಸನಿಗೆ ಅವಸರವಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗ ಮಾತ್ರ ನಗುತ್ತ ತನ್ನ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.